ಮೇಲಿನಿಂದ ಒಂದು, ಕೆಳಗಿನಿಂದ ಒಂದು

"ಇದು ನಾಲ್ಕನೇದು," ಎಂದಳು ದಾಲ್ವಾ.

ಕಲ್ಲು ಕ್ವಾರಿಯ ಗೋಡೆಯ ಪದರಗಳನ್ನು ಮೇಲಿನಿಂದ ಕಣ್ಣಲ್ಲೇ ಎಣಿಸಿಕೊಂಡು ಬಂದು ಚೀಟಿಯ ಮೇಲೆ 4 ಎಂದು ಬರೆದಳು. ಕಾಲು ಉದ್ದ, ತಲೆ ಚೂಪು. ತೈನಾ ಅಕ್ಕನ ನಾಲ್ಕು ಹಾಗೇ ಇರುತ್ತದೆ. ಚೀಟಿಯನ್ನು ಚಪ್ಪಡಿಯ ಬೆನ್ನಿಗೆ ಅಂಟಿಸಿ, ಹಳೇ ಪೇಪರಿನಲ್ಲಿ ಸುತ್ತಿ, ಮರದ ಪೆಟ್ಟಿಗೆಯೊಳಗೆ ನಿಲ್ಲಿಸಿದಳು. ಮಲಗಿಸಬಾರದು. ಒಂದರ ಮೇಲೊಂದು ಮಲಗಿಸಿದರೆ ಅಡಿಯಲ್ಲಿರುವುದು ಬಿರಿಯುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕ್ವಾರಿಯ ಕಡೆ ಮಕ್ಕಳಿಗೆ ಅದು ಗೊತ್ತೇ ಇರುತ್ತದೆ.

ಆ ಚಪ್ಪಡಿಯಲ್ಲಿ ಬೆರಳುದ್ದದ ಒಂದು ಮೀನಿತ್ತು. ಕಂದು ಬಣ್ಣದ ಮುಳ್ಳುಗಳೆಲ್ಲ ಲೆಕ್ಕಕ್ಕೆ ಸಿಗುವಷ್ಟು ಸ್ಪಷ್ಟವಾಗಿದ್ದವು. ಈಗಷ್ಟೇ ಯಾರೋ ತಿಂದು ತಟ್ಟೆಯ ಅಂಚಿಗೆ ಇಟ್ಟ ಹಾಗೆ.

ಅನೀಸಿಯೊ ತಾತ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಮೀನು ಬಂದ ಚಪ್ಪಡಿ ಎಂದರೆ ಕಲೆ ಬಿದ್ದ ಚಪ್ಪಡಿ. ಮನೆಯ ನೆಲಕ್ಕೆ ಹಾಸಲು ಕಲ್ಲು ಕೊಳ್ಳುವವರು ಅದನ್ನು ಬೇಡ ಎನ್ನುತ್ತಿದ್ದರು. ಬೇಡವಾದವನ್ನೆಲ್ಲ ತಾತ ತನ್ನ ಅಡುಗೆಮನೆಗೆ ಹಾಸಿಕೊಂಡ. ದಾಲ್ವಾ ಅಂಬೆಗಾಲಿಟ್ಟಿದ್ದು ಆ ಮೀನುಗಳ ಮೇಲೆಯೇ. ಒಲೆಯ ಪಕ್ಕದ ಮೀನಿಗೆ ಅವಳು ದಿನಾ ಅನ್ನ ಹಾಕುತ್ತಿದ್ದಳಂತೆ. ಅಮ್ಮ ಈಗಲೂ ಅದನ್ನು ಹೇಳಿ ನಗುತ್ತಾಳೆ.

ಅದೇ ಮೀನುಗಳನ್ನು ಹುಡುಕಿಕೊಂಡು ಈಗ ಯೂನಿವರ್ಸಿಟಿಯಿಂದ ನೊಯೆಮಿಯಾ ಮೇಡಂ ಬಂದಿದ್ದರು. ಡಾಕ್ಟರ್ ಎಂದು ಕೇಳಿ ಮೊದಲ ದಿನ ನೇಕೊ ಮಾವನ ಹೆಂಡತಿ ತನ್ನ ಮಂಡಿ ನೋವು ತೋರಿಸಲು ಹೋಗಿದ್ದಳು. ಮೇಡಂ ಪಾಪ, ಮಂಡಿ ಮುಟ್ಟಿ ನೋಡಿ, "ನಂಗೆ ಕಲ್ಲಿನ ಕಾಯಿಲೆ ಮಾತ್ರ ಗೊತ್ತಮ್ಮಾ" ಎಂದಿದ್ದರು. ಆದರೂ ಊರಿನವರು ಅವರನ್ನು ಡಾಕ್ಟರಮ್ಮ ಎನ್ನುವುದನ್ನು ಬಿಡಲಿಲ್ಲ.

ಮೇಡಂ ಜೊತೆಗೆ ಬಂದವಳು ತೈನಾ ಅಕ್ಕ. ಅವರ ಸ್ಟೂಡೆಂಟು. ಕೊಡೆಯಷ್ಟು ಅಗಲದ ಟೋಪಿ ಹಾಕಿಯೂ ಮೂಗು ಸುಲಿದುಕೊಂಡಿದ್ದಳು. ಅವಳು ಉಳಿ ಸುತ್ತಿಗೆ ಹಿಡಿದು ಗೋಡೆಯಿಂದ ಚಪ್ಪಡಿ ಬಿಡಿಸುತ್ತಿದ್ದಳು. ಮೇಡಂ ಅಳತೆಪಟ್ಟಿ ಹಿಡಿದು ಪದರಗಳನ್ನು ಅಳೆದು ದಪ್ಪ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ದಾಲ್ವಾ ಬೆಳಿಗ್ಗೆ ಸ್ಕೂಲಿಗೆ ಹೋಗಿ, ಮಧ್ಯಾಹ್ನ ಅಲಸಂದೆ ಅನ್ನ ತಿಂದು ಓಡಿಬಂದು ಚೀಟಿ ಅಂಟಿಸುತ್ತಿದ್ದಳು. ಅವಳು ಸ್ಕೂಲಿನಲ್ಲಿರುವಾಗ ತೈನಾ ಅಕ್ಕನೇ ಚೀಟಿ ಬರೆಯುತ್ತಿದ್ದಳು.

ಇಬ್ಬರ ಚೀಟಿಗಳೂ ಒಂದೇ ಥರ ಕಾಣಬೇಕು ಎಂದು ದಾಲ್ವಾಳ ಆಸೆ. ಅದಕ್ಕೇ ಲೆಕ್ಕದ ನೋಟುಬುಕ್ಕಿನ ಹಿಂದಿನ ಪುಟಗಳಲ್ಲಿ ತೈನಾ ಅಕ್ಕನ ಅಂಕಿಗಳನ್ನು ಬರೆದೂ ಬರೆದೂ ಕಲಿತಿದ್ದಳು. ಈಗ ಅವಳ ಏಳಕ್ಕೂ ನಡುವೆ ಒಂದು ಗೀಟು ಬಂದಿತ್ತು.

ಕೆಲಸ ಶುಕ್ರವಾರದೊಳಗೆ ಮುಗಿಯಬೇಕಿತ್ತು. ಶನಿವಾರ ಈ ಗುಂಡಿಯನ್ನು ಮುಚ್ಚುತ್ತಾರೆ. ಪಕ್ಕದಲ್ಲೇ ನೇಕೊ ಮಾವ ಹೊಸ ಗುಂಡಿ ತೆಗೆದಿದ್ದ. ಅದರ ಪುಡಿಗಲ್ಲು, ಮಣ್ಣು ಎಲ್ಲ ಎಲ್ಲಿಗೆ ಹಾಕುವುದು? ಹಳೇ ಗುಂಡಿಗೆ. ಈ ಕಡೆ ಯಾವಾಗಲೂ ಹಾಗೇ. ಹೊಸ ಗುಂಡಿಯ ಕಸವನ್ನು ಹಳೇ ಗುಂಡಿ ನುಂಗುತ್ತದೆ.

ಆದರೆ ಈ ಹಳೇ ಗುಂಡಿ ತಾತನದು. ನೇಕೊ ಮಾವ ತಾತನ ಮಗ. ಮುಚ್ಚುತ್ತೇನೆ ಎಂದು ಹೇಳಿದ ದಿನದಿಂದ ತಾತ ಅವನ ಜೊತೆ ಮಾತಾಡಿರಲಿಲ್ಲ. ಕಾಫಿ ಬೇಕಾದರೂ ಗೋಡೆಗೆ ಹೇಳುತ್ತಿದ್ದ.

*

ಗುರುವಾರ ಸಂಜೆ ಮೇಡಂ ಒಂದು ಕಲ್ಲಿನ ಮೇಲೆ ಕೂತು, "ಬಾರೇ, ನಮ್ಮ ಗೋಡೆ ಹೇಗೆ ಬಂದಿದೆ ನೋಡು," ಎಂದು ನೋಟುಬುಕ್ಕು ಬಿಡಿಸಿದರು.

ಪುಟದ ತುಂಬ ಉದ್ದಕ್ಕೆ ಒಂದು ಕಂಬದ ಹಾಗೆ ಗೋಡೆಯ ಚಿತ್ರ. ಇಪ್ಪತ್ತೆರಡು ಪದರ. ಕೆಲವಕ್ಕೆ ಚುಕ್ಕಿ, ಕೆಲವಕ್ಕೆ ಗೆರೆ, ಅಡಿಯಲ್ಲಿದ್ದವಕ್ಕೆ ನೀಲಿ ಪೆನ್ಸಿಲಿನ ಬಣ್ಣ. ಮೀನು ಸಿಕ್ಕಿದ ಕಡೆ ಪುಟಾಣಿ ಮೀನು, ಜೀರುಂಡೆ ಸಿಕ್ಕಿದ ಕಡೆ ಪುಟಾಣಿ ಜೀರುಂಡೆ. ಚೆನ್ನಾಗಿತ್ತು. ದಾಲ್ವಾಗೆ ಅದನ್ನು ಬೆರಳಲ್ಲಿ ಸವರಬೇಕು ಅನ್ನಿಸಿತು.

ಬೆರಳು ಅಂಚಿನ ಅಂಕಿಗಳ ಹತ್ತಿರ ನಿಂತಿತು.

ಎಲ್ಲಕ್ಕಿಂತ ಕೆಳಗಿನ ನೀಲಿ ಪದರದ ಪಕ್ಕದಲ್ಲಿ 1 ಎಂದು ಬರೆದಿತ್ತು. ಎಲ್ಲಕ್ಕಿಂತ ಮೇಲೆ, ಹುಲ್ಲಿನ ಬೇರು ಇಳಿದ ಪದರದ ಪಕ್ಕದಲ್ಲಿ 22.

"ಕೆಳಗಿಂದ ಎಣಿಸಿದ್ದೀರಾ, ಮೇಡಂ?" ಎಂದಳು.

"ಹೂಂ. ಎಲ್ಲರೂ ಹಾಗೇ ಎಣಿಸೋದು." ಮೇಡಂ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ವಿವರಿಸಿದರು. ಇಲ್ಲಿ ಒಂದಾನೊಂದು ಕಾಲದಲ್ಲಿ ಉಪ್ಪುನೀರಿನ ದೊಡ್ಡ ಕೆರೆಯಿತ್ತು. ಅದರ ತಳಕ್ಕೆ ಕೆಸರು ಕೂರುತ್ತ ಕೂರುತ್ತ ಪದರಗಳಾದವು. ಒಗೆಯೋ ಬಟ್ಟೆಯ ಬುಟ್ಟಿಯ ಹಾಗೆ. ಸೋಮವಾರದ ಅಂಗಿ ತಳದಲ್ಲಿ, ಅದರ ಮೇಲೆ ಮಂಗಳವಾರದ್ದು. ಮೊದಲು ಬಂದದ್ದು ತಳದಲ್ಲಿ, ಅದಕ್ಕೇ ಅದು ಒಂದು.

ದಾಲ್ವಾ ತಲೆಯಾಡಿಸಿದಳು. ಆದರೆ ಅವಳ ಕಣ್ಣು ಪೆಟ್ಟಿಗೆಗಳ ಮೇಲಿತ್ತು. ಒಂಬತ್ತು ಪೆಟ್ಟಿಗೆ, ನೂರಾ ನಲವತ್ತಕ್ಕೂ ಹೆಚ್ಚು ಚಪ್ಪಡಿ. ಅರ್ಧಕ್ಕೆ ತೈನಾ ಅಕ್ಕ ಕೆಳಗಿನಿಂದ ಎಣಿಸಿ ಚೀಟಿ ಅಂಟಿಸಿದ್ದಳು. ಇನ್ನರ್ಧಕ್ಕೆ ದಾಲ್ವಾ ಮೇಲಿನಿಂದ ಎಣಿಸಿ ಅಂಟಿಸಿದ್ದಳು. ಎರಡೂ ಒಂದರ ಪಕ್ಕ ಒಂದು, ಒಂದೇ ಥರದ ಪೇಪರಿನಲ್ಲಿ, ಒಂದೇ ಥರದ ಅಕ್ಷರದಲ್ಲಿ ನಿಂತಿದ್ದವು.

ಫೋನಿನಲ್ಲಿ ಚಕಚಕ ಫೋಟೊ ತೆಗೆಯುವ ಕಾಲವಲ್ಲ ಅದು. ಮೇಡಂ ಹತ್ತಿರ ಒಂದು ಕ್ಯಾಮೆರಾ ಇತ್ತು. ಅದರೊಳಗೆ ಮೂವತ್ತಾರು ಫೋಟೊಗಳ ಒಂದೇ ಒಂದು ರೀಲು. ಎಲ್ಲವೂ ಗೋಡೆಗೇ ಮುಗಿದಿದ್ದವು.

ದಾಲ್ವಾ ಎದ್ದು ನಿಂತಳು. ಅಮ್ಮ ಕಾಯ್ತಿರ್ತಾಳೆ ಎಂದು ಹೇಳಿ, ಹಿಂದಿರುಗಿ ನೋಡದೆ ಮನೆ ಕಡೆ ನಡೆದಳು. ಮುಂದಿನ ತಿರುವಿನಲ್ಲಿ ಅದೇ ನಡಿಗೆ ಓಟವಾಯಿತು.

*

ತಾತ ಹಿತ್ತಲ ಮಾವಿನ ಮರಕ್ಕೆ ಕಟ್ಟಿದ ಜೋಲಿಯಲ್ಲಿ ಮಲಗಿದ್ದ. ಕಲ್ಲಿನ ದೂಳು ಎದೆಯೊಳಗೆ ಸೇರಿಕೊಂಡಿದ್ದರಿಂದ ಎರಡು ವರ್ಷದಿಂದ ಅವನು ಕ್ವಾರಿಗೆ ಹೋಗಿರಲಿಲ್ಲ. ಡಾಕ್ಟರಮ್ಮ ಬಂದು ಕರೆದಾಗಲೂ ಹೋಗಲಿಲ್ಲ. ಹೂಳೋದನ್ನ ನೋಡೋಕೆ ನಾನ್ಯಾಕೆ ಬರ್ಲಿ ಎಂದು ಜೋಲಿಯ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡಿದ್ದ.

"ತಾತ, ಆಶೀರ್ವಾದ ಮಾಡು."

"ದೇವರು ಒಳ್ಳೇದು ಮಾಡ್ಲಿ. ಏನು ಮುಖ ಹಿಂಗಿದೆ? ಕತ್ತೆ ಒದೀತಾ?"

ದಾಲ್ವಾ ನೆಲದ ಮೇಲೆ ಕೂತು, ಜೋಲಿಯ ಅಂಚು ಹಿಡಿದುಕೊಂಡು ಎಲ್ಲ ಹೇಳಿದಳು. ಅಂಕಿ ಕಾಪಿ ಮಾಡಿದ್ದನ್ನೂ ಹೇಳಿದಳು. ಅದನ್ನು ಹೇಳುವುದೇ ಕಷ್ಟವಾಯಿತು.

ತಾತ ಎದ್ದು ಕೂತ.

"ಮೇಲಿಂದು ತಾನೇ ಒಂದು? ಇನ್ನೇನು?"

"ಅವರಿಗೆ ಕೆಳಗಿಂದು ಒಂದು, ತಾತ."

"ಅದ್ಹೆಂಗೆ? ಬಾವಿ ತೋಡೋನು ತಳದಿಂದ ಶುರು ಮಾಡ್ತಾನಾ? ಕ್ವಾರಿ ಬಾಯಿ ತೆರೆದ ದಿನ ನಿನ್ನ ಡಾಕ್ಟರಮ್ಮನಿಗೆ ತಳ ಕಾಣಿಸ್ತಿತ್ತಾ?" ತಾತನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ಮೂವತ್ತೆಂಟು ವರ್ಷ ಅವನು ಪದರ ಎಣಿಸಿದ್ದ. ಅವುಗಳನ್ನು ತಳದಿಂದಲೂ ಎಣಿಸಬಹುದು ಎಂದು ಅವನಿಗೆ ಒಮ್ಮೆಯೂ ತೋಚಿರಲಿಲ್ಲ. ಅವನ ಜೊತೆ ಕೆಲಸ ಮಾಡಿದ ಯಾರಿಗೂ ತೋಚಿರಲಿಲ್ಲ.

ದಾಲ್ವಾ ಮೂಗು ಒರೆಸಿಕೊಂಡಳು. "ನೀನೇ ಬಂದು ಹೇಳ್ತೀಯಾ, ತಾತ? ನೀನು ಹೇಳಿದ್ರೆ ಬೈಯಲ್ಲ."

"ಚೀಟಿ ನಾನು ಬರ್ದಿದ್ನಾ?"

ತಾತ ಕೆಮ್ಮಿದ. ಕೆಮ್ಮು ನಿಂತ ಮೇಲೆ, "ನಾಳೆ ಬೆಳಿಗ್ಗೆ ಸ್ಕೂಲಿಗೆ ರಜ ಹಾಕು. ನಿಮ್ಮಮ್ಮನಿಗೆ ನಾನು ಹೇಳ್ತೀನಿ. ಅಷ್ಟು ಮಾತ್ರ ಮಾಡ್ತೀನಿ," ಎಂದು ಮತ್ತೆ ಮಲಗಿದ.

*

ಶುಕ್ರವಾರ ಬೆಳಿಗ್ಗೆ ಬಿಸಿಲು ಗುಂಡಿಯೊಳಗೆ ಇನ್ನೂ ಇಳಿದಿರಲಿಲ್ಲ. ಮೇಡಂ ಕೈಯಲ್ಲಿ ಕಾಫಿ ಲೋಟ ಇತ್ತು. ದಾಲ್ವಾ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಅಲ್ಲಿಗೆ ಬರುವಷ್ಟರಲ್ಲಿ ಚೆಲ್ಲಿಹೋಗಿದ್ದವು.

"ಮೇಡಂ, ನಾನು ಎಲ್ಲಾನೂ ಮೇಲಿಂದ ಎಣಿಸಿಬಿಟ್ಟೆ."

ತೈನಾ ಅಕ್ಕ ಮೊದಲು ನಕ್ಕಳು. ಆಮೇಲೆ ಅವಳಿಗೆ ಅರ್ಥವಾಯಿತು. ಓಡಿಹೋಗಿ ಪೆಟ್ಟಿಗೆಯಿಂದ ಒಂದು ಚಪ್ಪಡಿ ತೆಗೆದು ಚೀಟಿ ನೋಡಿದಳು. ಇನ್ನೊಂದು ತೆಗೆದಳು. ಮತ್ತೊಂದು.

"ಇದನ್ನ ನಾನು ಬರೆದಿದ್ದಾ, ನೀನು ಬರೆದಿದ್ದಾ?"

"ಗೊತ್ತಾಗಲ್ಲ. ನಿಮ್ಮ ಥರಾನೇ ಬರೀಬೇಕು ಅಂತ ಕಲ್ತಿದ್ದೆ."

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ಲೋಟ ಕೆಳಗಿಟ್ಟು, ಟೋಪಿ ತೆಗೆದು, ಕೂದಲೊಳಗೆ ಕೈ ಹಾಕಿಕೊಂಡು ಬಹಳ ಹೊತ್ತು ಗೋಡೆಯನ್ನೇ ನೋಡಿದರು. ಎಲ್ಲಿಂದ ಬಂತು ಎಂದು ಗೊತ್ತಿಲ್ಲದ ಮೀನು ಬರೀ ಚೆಂದದ ಕಲ್ಲು ಅಷ್ಟೇ, ಅದು ಏನನ್ನೂ ಹೇಳುವುದಿಲ್ಲ ಎಂದು ಮೊನ್ನೆ ಅವರೇ ಹೇಳಿದ್ದರು. ನಾಳೆ ಗೋಡೆಯೂ ಇರುವುದಿಲ್ಲ.

ಕೊನೆಗೆ ಅವರು ಪೆನ್ಸಿಲು ಕೈಗೆ ತೆಗೆದುಕೊಂಡರು.

"ಇರು. ಒಂದೊಂದು ಚೀಟಿಗೂ ಎರಡೇ ಜಾಗ ಇರೋಕೆ ಸಾಧ್ಯ. ನಾಲ್ಕು ಅಂತ ಇದ್ರೆ, ಒಂದೋ ಕೆಳಗಿಂದ ನಾಲ್ಕು, ಇಲ್ಲಾಂದ್ರೆ ಮೇಲಿಂದ ನಾಲ್ಕು. ಮೂರನೇ ಜಾಗ ಇಲ್ಲ. ಆ ಎರಡರಲ್ಲಿ ಯಾವುದು ಅಂತ ಕಲ್ಲು ನೋಡಿ ಹೇಳೋಕಾದ್ರೆ..."

ದಾಲ್ವಾ ಆಗಲೇ ಒಂದು ಚಪ್ಪಡಿಯ ಪೇಪರು ಬಿಡಿಸಿದ್ದಳು. ಚೀಟಿಯಲ್ಲಿ 4 ಎಂದಿತ್ತು. ಕಲ್ಲಿನ ಅಂಚಿನಲ್ಲಿ ಕಂದು ಬಣ್ಣ, ಕರಗಿ ಗಟ್ಟಿಯಾದ ಹಾಗೆ.

"ಇದು ಬೆಲ್ಲ," ಎಂದಳು. "ಬೆಲ್ಲ ಮೇಲಿಂದ ನಾಲ್ಕು. ಕೆಳಗಿಂದ ನಾಲ್ಕು ನೀಲಿ ಬರುತ್ತೆ."

"ಬೆಲ್ಲಾನಾ?"

ಪದರಗಳಿಗೆ ತಾತ ಕರೆಯುವ ಹೆಸರುಗಳಿದ್ದವು. ಎಲ್ಲಕ್ಕಿಂತ ಮೇಲಿನದು ಹೊಟ್ಟು, ಮುಟ್ಟಿದರೆ ಉದುರುತ್ತದೆ. ತೆಳ್ಳಗೆ ಸೀಳುವುದು ಬಿಸ್ಕತ್ತು. ಸುಕ್ಕು ಸುಕ್ಕಾಗಿರುವುದು ಮುದುಕಿ. ದಾಲ್ವಾ ಇನ್ನೂ ಸ್ಕೂಲಿಗೆ ಸೇರದಿದ್ದಾಗ ಅಮ್ಮ ಅವಳ ಕೈಯಲ್ಲಿ ತಾತನ ಊಟದ ಡಬ್ಬಿ ಕೊಟ್ಟು ಕಳಿಸುತ್ತಿದ್ದಳು. ಆಗ ಎಲ್ಲ ಗುಂಡಿಗಳಲ್ಲೂ ಉಳಿಗಳ ಸದ್ದು. ಟಿಣ್ ಟಿಣ್, ಟಿಣ್ ಟಿಣ್. ದೂರದಿಂದ ಕೇಳಿದರೆ ಇಡೀ ಬಯಲು ಯಾವುದೋ ಹಬ್ಬಕ್ಕೆ ತಯಾರಾಗುತ್ತಿದೆ ಅನ್ನಿಸಬೇಕು. ತಾತ ಡಬ್ಬಿ ತೆಗೆದಾಗ ಪೆಕಿ ಹಣ್ಣಿನ ಅನ್ನದ ವಾಸನೆ ಗುಂಡಿಯ ತುಂಬ ಹರಡುತ್ತಿತ್ತು. ಊಟ ಮುಗಿದ ಮೇಲೆ ಅವನು ದಾಲ್ವಾಳ ಕಣ್ಣು ಮುಚ್ಚಿಸಿ ಅಂಗೈ ಮೇಲೆ ಒಂದು ಚೂರು ಕಲ್ಲಿಟ್ಟು, ಯಾರಿದು ಹೇಳು ಎನ್ನುತ್ತಿದ್ದ. ಸರಿಯಾಗಿ ಹೇಳಿದರೆ ಡಬ್ಬಿಯ ತಳದಲ್ಲಿ ಉಳಿಸಿದ ತುತ್ತು ಅವಳದು.

ಮೂವರೂ ಕೆಲಸಕ್ಕೆ ಕೂತರು. ತೈನಾ ಅಕ್ಕ ಪೇಪರು ಬಿಡಿಸಿ ಅಂಕಿ ಓದಿದಳು. ದಾಲ್ವಾ ಕಲ್ಲು ಮುಟ್ಟಿ, ತಿರುಗಿಸಿ, ಕೆಲವೊಮ್ಮೆ ಮೂಸಿ, ಹೆಸರು ಹೇಳಿದಳು. ಮೇಡಂ ಗೋಡೆಯ ಹತ್ತಿರ ಹೋಗಿ ಹೋಲಿಸಿ ನೋಡಿ, ಹೊಸ ಚೀಟಿ ಬರೆದರು. ಹತ್ತು ಗಂಟೆಗೆ ಮೂರು ಪೆಟ್ಟಿಗೆ ಮುಗಿದವು. ಆಮೇಲೆ ದಾಲ್ವಾ ತಡವರಿಸತೊಡಗಿದಳು. ನಡುವಿನ ಪದರಗಳು ಅವಳಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಹನ್ನೊಂದೋ ಹನ್ನೆರಡೋ? ಎರಡೂ ಬಿಳಿ, ಎರಡೂ ದಪ್ಪ.

ಆಗ ಮೇಲೆ ಮೋಟರ್‌ಬೈಕಿನ ಸದ್ದಾಯಿತು.

ನೇಕೊ ಮಾವ ಬೈಕು ಓಡಿಸುತ್ತಿದ್ದ. ಹಿಂದೆ ತಾತ, ಹಳೇ ಚರ್ಮದ ಟೋಪಿ ಹಾಕಿಕೊಂಡು, ಮಗನ ಬೆನ್ನನ್ನು ಮುಟ್ಟದ ಹಾಗೆ ಬೈಕಿನ ಹಿಂದಿನ ಕಂಬಿ ಹಿಡಿದು ಕೂತಿದ್ದ.

"ಇಳಿಯಪ್ಪಾ, ಕೈ ಕೊಡು," ಎಂದ ನೇಕೊ ಮಾವ.

"ನೀನು ಹುಟ್ಟೋಕೆ ಮುಂಚಿಂದ ಇಳೀತಿದೀನಿ," ಎಂದ ತಾತ. ಹದಿನೈದು ದಿನದಲ್ಲಿ ಅವನು ಮಗನಿಗೆ ಹೇಳಿದ ಮೊದಲ ಮಾತು ಅದು. ಆಮೇಲೆ ಕೈ ಕೊಟ್ಟ.

ಗುಂಡಿಯ ತಳಕ್ಕೆ ಇಳಿಯಲು ತಾತನಿಗೆ ಬಹಳ ಹೊತ್ತು ಹಿಡಿಯಿತು. ಮೂರು ಕಡೆ ನಿಂತು ಉಸಿರು ತೆಗೆದುಕೊಂಡ. ಇಳಿದವನು ನೆಟ್ಟಗೆ ಗೋಡೆಯ ಹತ್ತಿರ ಹೋಗಿ, ಅದನ್ನು ಹಸುವಿನ ಮೈ ಸವರಿದ ಹಾಗೆ ಒಮ್ಮೆ ಸವರಿದ.

"ಎಲ್ಲಿ, ಕೊಡಿ ಒಂದು ಸುತ್ತಿಗೆ," ಎಂದ. "ಚಿಕ್ಕದು."

ಅವನು ಚಪ್ಪಡಿಯನ್ನು ಎಡಗೈ ಬೆರಳ ತುದಿಗಳ ಮೇಲೆ ಎತ್ತಿ ಹಿಡಿದು, ಸುತ್ತಿಗೆಯ ಮೂತಿಯಿಂದ ಒಮ್ಮೆ ತಟ್ಟಿದ. ಟಿಣ್ ಎಂದಿತು. "ಗಂಟೆ. ಮೇಲಿಂದ ಹನ್ನೆರಡು." ಇನ್ನೊಂದನ್ನು ತಟ್ಟಿದ. ಅದು ಟಪ್ ಎಂದಿತು. "ಕಿವುಡ. ಹನ್ನೊಂದು."

ಮೇಡಂ ಬಾಯಿ ಬಿಟ್ಟು ನೋಡುತ್ತಿದ್ದರು. ಅವರೂ ಒಂದು ಚಪ್ಪಡಿ ತಟ್ಟಿ ನೋಡಿದರು. "ನಂಗೆ ಎರಡೂ ಒಂದೇ ಥರ ಕೇಳಿಸುತ್ತಲ್ಲಾ."

"ಮೂವತ್ತು ವರ್ಷ ತಟ್ಟಿ ಡಾಕ್ಟರಮ್ಮಾ, ಆಮೇಲೆ ಬನ್ನಿ."

ಮಧ್ಯಾಹ್ನದ ಹೊತ್ತಿಗೆ ಏಳು ಪೆಟ್ಟಿಗೆ ಮುಗಿದವು. ಅಮ್ಮ ಕಳಿಸಿದ ಮೆಕ್ಕೆಜೋಳದ ಹಿಟ್ಟಿನ ಕುಸ್ಕುಸ್ ಅನ್ನು ಕೈಯಲ್ಲಿ ಹಿಡಿದೇ ತಿಂದರು. ತೈನಾ ಅಕ್ಕ ಈಗ ಹಾಡು ಗುನುಗುತ್ತಿದ್ದಳು.

ಎಂಟನೇ ಪೆಟ್ಟಿಗೆಯಲ್ಲಿ ಬೆರಳುದ್ದದ ಮೀನಿನ ಇನ್ನೊಂದು ಚಪ್ಪಡಿ ಬಂತು. ಚೀಟಿಯಲ್ಲಿ 6. ತಾತ ಎತ್ತಿ ತಟ್ಟಿದ. ಸದ್ದು ಬರುವ ಬದಲು ಕಲ್ಲು ನಡುವೆ ಸೀಳಿ, ಪುಸ್ತಕದ ಹಾಗೆ ತೆರೆದುಕೊಂಡಿತು.

ತೈನಾ ಅಕ್ಕನ ಹಾಡು ನಿಂತಿತು.

ಒಳಗೆ ಒಂದು ಏರೋಪ್ಲೇನ್ ಚಿಟ್ಟೆ. ನಾಲ್ಕೂ ರೆಕ್ಕೆ ಪೂರ್ತಿ ಹರಡಿತ್ತು. ರೆಕ್ಕೆಯೊಳಗಿನ ಕಿಟಕಿಗಳಂಥ ಗೆರೆಗಳು ಒಂದೂ ಅಳಿಸಿರಲಿಲ್ಲ. ಈಗ ಉಫ್ ಎಂದರೆ ಹಾರಿಹೋಗುತ್ತದೇನೋ ಎಂದು ದಾಲ್ವಾ ಉಸಿರು ಹಿಡಿದಳು.

"ಇಡೀ ವಾರದಲ್ಲಿ ಇಂಥದ್ದೊಂದು ಸಿಕ್ಕಿರಲಿಲ್ಲ," ಎಂದರು ಮೇಡಂ ಮೆಲ್ಲಗೆ. ಅವರ ದನಿಯೇ ಬೇರೆಯಾಗಿತ್ತು. "ಯಾವ ಪದರದ್ದು ಇದು, ಅನೀಸಿಯೊ ಅವರೇ?"

ತಾತ ಎರಡು ಹೋಳನ್ನೂ ಬಿಸಿಲಿಗೆ ಹಿಡಿದ. ಅಂಚು ನೋಡಿದ. ನಾಲಿಗೆಗೆ ತಾಗಿಸಿದ. ಮತ್ತೆ ಬಿಸಿಲಿಗೆ ಹಿಡಿದ.

"ಅವಳಿಗಳಲ್ಲೊಂದು," ಎಂದ. "ಮೇಲಿಂದ ಆರು ಅಕ್ಕ. ಕೆಳಗಿಂದ ಆರು ತಂಗಿ. ಹುಟ್ಟಿಸಿದ ಕೆರೆಗೇ ಗುರುತು ಸಿಗಲ್ಲ, ಹಂಗಿದಾವೆ. ದಪ್ಪ ಚಪ್ಪಡಿಯಾಗಿದ್ರೆ ಸದ್ದಲ್ಲಿ ಹೇಳ್ತಿದ್ದೆ. ಸೀಳಿಹೋಯ್ತು."

"ಸ್ವಲ್ಪ ನೋಡಿ ತಾತ," ಎಂದಳು ತೈನಾ ಅಕ್ಕ. ಅವಳ ಮಾತು ಬೇಡಿದ ಹಾಗಿತ್ತು. ಮೀನು ಮಾತ್ರ ಇದೆ ಎಂದು ಸುತ್ತಿಟ್ಟ ಆ ಚಪ್ಪಡಿ ಯಾವ ದಿನ ಬಂತು ಎನ್ನುವುದೂ ಅವಳಿಗೆ ನೆನಪಿರಲಿಲ್ಲ. ಅಂಥ ಮೀನುಗಳು ಎಪ್ಪತ್ತಿದ್ದವು.

ತಾತ ತಲೆ ಅಲ್ಲಾಡಿಸಿದ.

ಮೇಡಂ ದಾಲ್ವಾಳ ಕಡೆ ತಿರುಗಿದರು. ಚೀಟಿಯನ್ನು ಅವಳ ಮುಂದೆ ಹಿಡಿದರು. "ಈ ಆರು ನೀನು ಬರೆದಿದ್ದಾ, ಪುಟ್ಟಾ?"

ಎಲ್ಲರ ಕಣ್ಣೂ ಅವಳ ಮೇಲಿತ್ತು. ಅವಳು ಹೌದು ಎಂದರೆ ಚಿಟ್ಟೆ ಮೇಲಿನ ಅಕ್ಕನದು. ಅಲ್ಲ ಎಂದರೆ ಕೆಳಗಿನ ತಂಗಿಯದು. ಯಾವುದಾದರೂ ಒಂದು ಹೇಳಿದರೆ ಸಾಕು, ಚಿಟ್ಟೆಗೆ ಮನೆ ಸಿಗುತ್ತದೆ, ತೈನಾ ಅಕ್ಕ ಮತ್ತೆ ಹಾಡುತ್ತಾಳೆ, ತಪ್ಪು ಪೂರ್ತಿ ಅಳಿಸಿಹೋಗುತ್ತದೆ. ನಾಳೆ ಗೋಡೆಯೇ ಇರುವುದಿಲ್ಲ. ಯಾರು ಬಂದು ನೋಡುತ್ತಾರೆ?

ಅವಳು ಆರನ್ನು ನೋಡಿದಳು. ಮೇಲೆ ಸಣ್ಣ ಕೊಕ್ಕೆ, ಹೊಟ್ಟೆ ದುಂಡಗೆ. ಎಷ್ಟು ಚೆನ್ನಾಗಿ ಕಾಪಿ ಮಾಡಿದ್ದಳೆಂದರೆ, ಅವಳಿಗೇ ಅವಳ ಕೈ ಕಾಣಿಸಲಿಲ್ಲ.

"ಗೊತ್ತಿಲ್ಲ, ಮೇಡಂ."

ತೈನಾ ಅಕ್ಕ ಉಸಿರು ಬಿಟ್ಟಳು. ಮೇಡಂ ಹೊಸ ಚೀಟಿ ತೆಗೆದು, 6 ಅಥವಾ 17, ಗೊತ್ತಿಲ್ಲ ಎಂದು ಬರೆದು ಅಂಟಿಸಿದರು. ಆ ಪೆಟ್ಟಿಗೆಯಲ್ಲಿ ಅಂಥ ತೆಳ್ಳಗಿನವು ಇನ್ನೂ ನಾಲ್ಕು ಬಂದವು.

ಕೊನೆಯ ಪೆಟ್ಟಿಗೆಗೆ ಮೊಳೆ ಹೊಡೆದಾಗ ಸಂಜೆಯಾಗಿತ್ತು. ಹೊರಡುವ ಮುಂಚೆ ಮೇಡಂ ನೋಟುಬುಕ್ಕು ತೆಗೆದು ತಾತನ ಪಕ್ಕ ಕೂತರು. ಗೋಡೆಯ ಚಿತ್ರದ ಇನ್ನೊಂದು ಅಂಚು ಖಾಲಿಯಿತ್ತು. ಅಲ್ಲಿ ತಾತ ಹೇಳಿದ ಹೆಸರುಗಳನ್ನು ಒಂದೊಂದಾಗಿ ಬರೆದುಕೊಂಡರು. ಮುದುಕಿ ಎಂದು ಬರೆಯುವಾಗ ಅವರಿಗೆ ನಗು ಬಂತು. ಮುದುಕಿ ಅನ್ನೋದು ನಿಮ್ಮಂಥವರಿಗೆ ಹೇಳಿದ್ದಲ್ಲ ಎಂದು ತಾತ ಬಹಳ ಮರ್ಯಾದೆಯಿಂದ ತಿಳಿಸಿದ.

*

ಶನಿವಾರ ಮೇಡಂ ಮತ್ತು ತೈನಾ ಅಕ್ಕ ಊರು ಬಿಟ್ಟಾಗಿತ್ತು. ಪೆಟ್ಟಿಗೆಗಳ ಮೇಲೆ ಸಿಯಾರಾ, ಬ್ರೆಜಿಲ್ ಎಂದು ದೊಡ್ಡದಾಗಿ ಬರೆದದ್ದು ದಾಲ್ವಾ. ಈ ಸಲ ಅವಳು ತನ್ನ ಅಕ್ಷರದಲ್ಲೇ ಬರೆದಿದ್ದಳು.

ಟಿಪ್ಪರ್ ಗುಂಡಿಯ ಅಂಚಿಗೆ ಬಂದು ನಿಂತಿತು. ನೇಕೊ ಮಾವ ಕೆಳಗಿಳಿದು ಬಂದ. ತಾತ ಮತ್ತು ದಾಲ್ವಾ ಎದುರು ದಡದಲ್ಲಿ, ಒಂದು ಕಾಡುಗೋಡಂಬಿ ಮರದ ನೆರಳಲ್ಲಿ ಕೂತಿದ್ದರು.

"ಶುರು ಮಾಡ್ಲಾ, ಅಪ್ಪಾ?"

"ಬೇಡ ಅಂದ್ರೆ ನಿಲ್ಲಿಸ್ತೀಯಾ?"

"ಇಲ್ಲ."

"ಮತ್ಯಾಕೆ ಕೇಳ್ತೀಯ?"

ನೇಕೊ ಮಾವ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಕೇಳ್ಬೇಕು ಅನ್ನಿಸ್ತು."

ತಾತ ಅಂಚಿನ ಕಡೆ ಕೈ ತೋರಿಸಿದ. "ಹೂಂ. ಮಾಡು. ಬಲಗಡೆ ಅಂಚು ಮೆತ್ತಗಿದೆ, ಗಾಡಿ ಹತ್ತಿರ ತರಬೇಡ."

ಮೊದಲ ಲೋಡು ಬಿತ್ತು. ದೂಳು ಎದ್ದು, ಇಳಿಯಿತು. ದಾಲ್ವಾ ತಾತನ ಮೂಗಿಗೆ ಕರ್ಚೀಫು ಹಿಡಿದಳು. ಅವನು ಅದನ್ನು ಕೈಯಲ್ಲಿ ತೆಗೆದುಕೊಂಡು ತಾನೇ ಹಿಡಿದುಕೊಂಡ.

"ಕೊನೇ ನೀಲಿ ಹೋಯ್ತು," ಎಂದ. "ಅದನ್ನ ಎತ್ತೋವಾಗ್ಲೇ ಎದೆ ಹಿಡ್ಕೊಂಡಿದ್ದು. ಪೂರ್ತಿ ಎತ್ತಲೇ ಇಲ್ಲ."

ಒಂದು ಪದರ ಪೂರ್ತಿ ಎತ್ತಿ ಮುಗಿಸಿದ ಮೇಲೇ ಇನ್ನೊಂದಕ್ಕೆ ಕೈ ಹಾಕುವುದು ತಾತನ ಪದ್ಧತಿ. ಬೇರೆಯವರು ಒಂದೇ ಮೂಲೆಯಲ್ಲಿ ತಳದವರೆಗೆ ಇಳಿದುಬಿಡುತ್ತಿದ್ದರು. ತಾತ ಹಾಗೆ ಮಾಡುತ್ತಿರಲಿಲ್ಲ.

ಲೋಡಿನ ಮೇಲೆ ಲೋಡು ಬಿತ್ತು. ಗುಂಡಿ ತಳದಿಂದ ಮೇಲಕ್ಕೆ ತುಂಬುತ್ತ ಬಂತು. ನಡುನಡುವೆ ತಾತ ಬೆರಳು ತೋರಿಸಿ ಹೇಳುತ್ತಿದ್ದ. ಆ ನೀಲಿ ಎತ್ತಿದ್ದು ನೀನು ಹುಟ್ಟಿದ ವರ್ಷ. ಈ ತಂಗಿ ಇದಾಳಲ್ಲ, ಅವಳನ್ನ ಎತ್ತೋ ಹೊತ್ತಿಗೆ ನಿಮ್ಮಜ್ಜಿ ಹೋದಳು. ಒಂದು ತಿಂಗಳು ಉಳಿ ಮುಟ್ಟಲಿಲ್ಲ ನಾನು. ಗಂಟೆ ಒಡೀತಿದ್ದಾಗ ನಿನ್ನ ನೇಕೊ ಮಾವನಿಗೆ ಆರು ವರ್ಷ, ಸದ್ದು ಚೆನ್ನಾಗಿದೆ ಅಂತ ಅದರ ಮುಂದೆ ಕುಣೀತಿದ್ದ. ಕಿವುಡ, ಆ ವರ್ಷ ಬರಗಾಲ, ಯಾರೂ ಮನೆ ಕಟ್ಟಲಿಲ್ಲ. ಅಕ್ಕ ಬಂದಾಗ ನಿಮ್ಮಮ್ಮ ತೊಟ್ಟಿಲಲ್ಲಿ. ಬೆಲ್ಲಕ್ಕೆ ಬೆಲ್ಲ ಅಂತ ಹೆಸರಿಟ್ಟಿದ್ದು ನಿಮ್ಮಜ್ಜಿ. ಆಗಿನ್ನೂ ಮದುವೆ ಆಗಿರ್ಲಿಲ್ಲ, ಅವರಣ್ಣನಿಗೆ ಊಟ ತರೋ ನೆವದಲ್ಲಿ ಬರ್ತಿದ್ದಳು.

ದಾಲ್ವಾ ನಕ್ಕಳು. ತಾತ ನಗಲಿಲ್ಲ, ಆದರೆ ಕರ್ಚೀಫಿನ ಹಿಂದೆ ಅವನ ಕೆನ್ನೆ ಅಗಲವಾಯಿತು.

ಸಂಜೆ ಟಿಪ್ಪರ್ ನಿಂತಿತು. ಉಳಿದದ್ದು ಸೋಮವಾರ ಎಂದು ಕೂಗಿ ಹೇಳಿ ನೇಕೊ ಮಾವ ಕೈ ತೊಳೆಯಲು ಹೋದ. ಗುಂಡಿಯಲ್ಲಿ ಈಗ ಒಂದೇ ಒಂದು ಪದರ ಕಾಣಿಸುತ್ತಿತ್ತು. ಒಂದು ಮೊಳದಷ್ಟು ಹೊಟ್ಟು, ಅದರ ಮೇಲೆ ಹುಲ್ಲು.

"ಇದನ್ನ ಒಡೆದಾಗ ನಿಂಗೆಷ್ಟು ವರ್ಷ, ತಾತ?"

"ಹದಿನೇಳು. ಇಲ್ಲೇ ನಿಂತಿದ್ದೆ. ಕಲ್ಲು ಎಲ್ಲಿ ಮುಗಿಯುತ್ತೆ ಅಂತಾನೇ ಗೊತ್ತಿರಲಿಲ್ಲ."

ಡಾಕ್ಟರಮ್ಮನ ಒಂದನೇ ಪದರ ಬೆಳಿಗ್ಗೆಯೇ ಮುಚ್ಚಿಹೋಗಿತ್ತು. ಅದು ಕೆರೆಯ ಒಂದು. ತಾತನ ಒಂದು ಇನ್ನೂ ಬಿಸಿಲಲ್ಲಿತ್ತು. ದಾಲ್ವಾ ಅದನ್ನೇ ನೋಡುತ್ತ ಕೂತಳು. ಮೇಡಂ ಥರಾನೇ ತಾತನೂ ಮೊದಲಿನಿಂದಲೇ ಎಣಿಸಿದ್ದ, ತನ್ನ ಮೊದಲಿನಿಂದ.

ಅವಳು ಎದ್ದು ಅಂಚಿಗೆ ಹೋಗಿ, ಮೊಣಕಾಲೂರಿ, ಹೊಟ್ಟಿನ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಪುಡಿ ಉದುರಿತು. ಕಲ್ಲು ಇನ್ನೂ ಬೆಚ್ಚಗಿತ್ತು.